ಬೀಗಿತ್ತಿಯರ ಸುಂಡೆಕಾಯಿ ಕಾಳಗ

ನಲ್ಲಿಯೆಂಬ ಗಂಗೆಯು ದಿನ ಬಿಟ್ಟು ದಿನ ಮಾತ್ರ ಧರೆಗಿಳಿಯುತ್ತಿದ್ದ, ನೇಕಾರರ ಬೀದಿಯ ಮಗ್ಗಗಳು ಕೋಳಿಗೂ ಮುಂಚೆ ಎದ್ದು ಖಟಪಟನೆ ರಣವಾದ್ಯ ಮೊಳಗಿಸುತ್ತಿದ್ದ, ಗಂಡಸರು ಮಗ್ಗದ ಕುಣಿಯೊಳಗೆ ಕಾಲಿಳಿಬಿಟ್ಟರೆ ಊಟಕ್ಕಲ್ಲದೆ ಏಳದಿದ್ದ, ಆದಕಾರಣ ಬೀದಿಯ ಸಕಲ ಯುದ್ಧಗಳೂ ಹೆಂಗಸರ ಪಾಲಿಗೇ ಬಿದ್ದಿದ್ದ ಆ ಮಹಾಯುಗವನ್ನು ಮೊದಲು ನೆನೆಯುತ್ತೇನೆ. ಹಿತ್ತಿಲಲ್ಲಿ ನೆಲೆಸಿದ ತಾಯೇ, ಒಗೆಯುವ ಕಲ್ಲಿನ ಮೇಲೆ ಕುಳಿತು ಗೋಡೆಯ ಎರಡೂ ಕಡೆಯ ಮಾತು ಕೇಳಿಸಿಕೊಳ್ಳುವವಳೇ, ಈ ಕಥೆಗೆ ಉಪ್ಪು ಹಿಡಿಸು. ಆದರೆ ಅಳತೆ ಮೀರಿಸಬೇಡ. ಮೀರಿದರೆ ಏನಾಗುತ್ತದೆಂದು ನಿನಗೇ ಗೊತ್ತು.

ಇನ್ನು ಕಥಾನಾಯಕ. ಆತನನ್ನು ಮನುಷ್ಯಮಾತ್ರರು ನೆಟ್ಟವರಲ್ಲ. ಆಕಾಶಮಾರ್ಗದಲ್ಲಿ ಸಂಚರಿಸುತ್ತಿದ್ದ ಪಿಕಳಾರ ಹಕ್ಕಿಯೊಂದು ಎರಡು ಮನೆಗಳ ನಡುವಿನ ಮಣ್ಣುಗೋಡೆಯ ಬಿರುಕಿನಲ್ಲಿ ತನ್ನ ದೇಹಬಾಧೆಯನ್ನು ತೀರಿಸಿಕೊಂಡಾಗ, ಆ ಪುಣ್ಯಗಳಿಗೆಯಲ್ಲಿ, ಅಯೋನಿಜನಾಗಿ ಅವತರಿಸಿದ ಸುಂಡೆಗಿಡ ಆತ. ಆಪಾದಮಸ್ತಕ ಕಂಟಕಕವಚಧಾರಿ, ಆನೆಕಿವಿಯಂಥ ಪತ್ರಗಳ ಛತ್ರಾಧಿಪತಿ, ಬಿಳಿಯ ನಕ್ಷತ್ರಗಳನ್ನೇ ಹೂವೆಂದು ಮುಡಿದ ಮಹಾರಥ. ಆತ ಬೆಳೆದ ಭರಕ್ಕೆ ಗೋಡೆ ಆಳುದ್ದ ಕುಸಿದು ಬಾಗಿಲಗಲದ ಕಂಡಿಯಾಯಿತು. ಕಂಡಿಯಾದರೇನು, ಆತನೇ ಅದರೊಳಗೆ ಮುಳ್ಳು ಚಾಚಿ ನಿಂತದ್ದರಿಂದ ಬೆಕ್ಕು ಕೂಡ ಬೀದಿ ಸುತ್ತಿ ಬರಬೇಕಾಗಿತ್ತು. ವರ್ಷಕ್ಕೊಮ್ಮೆ ಗೊಂಚಲು ಗೊಂಚಲಾಗಿ ಬಟಾಣಿಯಷ್ಟೇ ದಪ್ಪದ ಹಸಿರು ಕಾಯಿ ಬಿಡುತ್ತಿದ್ದ. ಕಹಿ. ಆದರೆ ಉಪ್ಪುಮಜ್ಜಿಗೆಯಲ್ಲಿ ನೆನೆಸಿ, ಒಣಗಿಸಿ, ತುಪ್ಪದಲ್ಲಿ ಕರಿದ ಸುಂಡೆಕಾಯಿ ಎಲೆಗೆ ಬೀಳದೆ ಆ ಬೀದಿಯಲ್ಲಿ ಯಾವ ಬಾಣಂತಿಯೂ ಮೊದಲ ತುತ್ತು ಎತ್ತಿದವಳಲ್ಲ.

ಗೋಡೆಯ ಮೂಡಲಿಗೆ ದುಂಡಮ್ಮ, ಕಂಚಿನಕೊಡವಿಭೂಷಿತಕಟಿ, ವಿಧವೆ, ಏಕಪುತ್ರಿಯ ತಾಯಿ. ಪಡುವಲಿಗೆ ಚಿಕ್ಕತಾಯಮ್ಮ, ತಾಂಬೂಲರಕ್ತಾಧರೆ, ದೀರ್ಘಕಂಠನಿನಾದಿನಿ. ದುಂಡಮ್ಮನ ಮಗಳು ನಾಗಮಣಿಯನ್ನು ಚಿಕ್ಕತಾಯಮ್ಮನ ಮಗ ರೇವಣ್ಣನಿಗೇ ಕೊಟ್ಟಿತ್ತು. ಹೀಗೆ ಬೀಗಿತ್ತಿಯರಾದವರ ನಡುವೆ ಒಂದು ಗೋಡೆ ಮತ್ತು ಒಂದು ಗಿಡ, ಅಷ್ಟೇ.

ನಾಗಮಣಿಗೆ ನಾಲ್ಕು ತಿಂಗಳು ತುಂಬಿತು. ಚೊಚ್ಚಲ ಬಾಣಂತನ ತವರಿನದು ಎಂಬುದು ಎಲ್ಲರೂ ಬಲ್ಲ ಧರ್ಮ. ಆ ಧರ್ಮದ ಬುಡಕ್ಕೇ ಚಿಕ್ಕತಾಯಮ್ಮ ಒಂದು ಬೆಳಿಗ್ಗೆ ಕೊಡಲಿ ಹಾಕಿದಳು. ಪಾತ್ರೆ ಬೆಳಗುತ್ತಿದ್ದವಳು ಕೈಯ ಬೂದಿಯನ್ನೂ ತೊಳೆಯದೆ ಎದ್ದು ನಿಂತು, ದೇಶಕಾಲಗಳ ಸೂಕ್ಷ್ಮವನ್ನು ವಿವೇಚಿಸಿ, ಸಮೀಪದಲ್ಲಿರುವುದು ದೂರವಾಗಲಾರದೆಂಬ ತತ್ತ್ವವನ್ನು ಮಂಡಿಸಿದಳು. ಆಕೆ ಅಂದದ್ದು ಇಷ್ಟು:

"ಅಲ್ಲ ಕನ ಬೀಗಿತ್ತಿ, ತವ್ರು ತವ್ರು ಅಂತೀಯಲ್ಲ, ನಿನ್ ತವ್ರು ಎಲ್ಲದೆ? ನಾ ಈ ಕಡೆ ಕೆಮ್ಮುದ್ರೆ ನೀ ಆ ಕಡೆ ಶುಂಠಿ ಜಜ್ತೀಯೆ. ಇಷ್ಟು ದೂರಕ್ಕೆ ಗಂಟು ಕಟ್ಕಂಡು ಹೋಗದ್ಯಾಕೆ? ನಮ್ಮನೇಲೇ ಇರ್ಲಿ, ನೀನೇ ಬಂದು ನೋಡ್ಕ ಹೋಗು."

ದುಂಡಮ್ಮನ ಸೊಂಟದಿಂದ ಕೊಡ ಜಾರಿ ನೆಲ ಮುಟ್ಟಿತು. ಉತ್ತರಿಸುವಾಗ ಧ್ವನಿ ಏರಲಿಲ್ಲ. ಬೀದಿಯವರು ಹೆದರಿದ್ದು ಅದಕ್ಕೇ.

"ಹತ್ರವೇ ಕನವ್ವ ನಂಗೆ ಶತ್ರು. ದೂರಕ್ ಕೊಟ್ಟಿದ್ರೆ ಹಬ್ಬಕ್ಕಾರ ಬಂದು ನಾಕ್ ದಿನ ಇದ್ದು ಹೋಗೋಳು. ದಿನಾ ಕಾಣ್ತಾಳೆ, ದಿನಾ ಮಾತಾಡ್ತಾಳೆ, ದೀಪ ಹಚ್ಚೋ ಹೊತ್ಗೆ 'ಬತ್ತೀನಿ ಕನವ್ವ' ಅಂದು ಎದ್ದೋಯ್ತಾಳೆ. ಮದ್ವೆಯಾಗಿ ಮೂರ್ ವರ್ಷಾಯ್ತು, ನನ್ ಮಗ್ಳು ನನ್ ಮನೇಲಿ ಒಂದ್ ರಾತ್ರಿ ಮಲಗಿಲ್ಲ. ಬಾಣ್ತನಾನೂ ಬುಟ್ರೆ ಇನ್ಯಾವತ್ ಮಲಗಾಳು?"

ಸಂಧಾನಕ್ಕಾಗಿ ಇಬ್ಬರೂ ಬೀದಿಯ ಪಿತಾಮಹರಾದ ಬೆಳ್ಳಶೆಟ್ಟರ ಜಗಲಿ ಹತ್ತಿದರು. ಪಲಿತಕೇಶರೂ ಜೀರ್ಣದಂತರೂ ಆದ ಆ ಮಹಾತ್ಮರು ರಾಟೆಯ ಮುಂದೆ ಕುಳಿತು ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದರು. ವಾದ ಬಾಣಂತನದಿಂದ ತೊಡಗಿ, ಸುಂಡೆಕಾಯಿಯ ಮೇಲೆ ಹಾದು, ಗಿಡ ಯಾರದೆಂಬಲ್ಲಿಗೆ ಬಂದು ನಿಂತಿತು.

"ನೆಟ್ಟೋರ್ಯಾರು?" ಎಂದರು ಶೆಟ್ಟರು.

ಇಬ್ಬರೂ ಆಕಾಶ ನೋಡಿದರು.

"ಹಂಗಾದ್ರೆ ಸಾಕ್ದೋರ್ದು. ಯಾರು ಆ ಗಿಡ ಸಾಕಿ ಕಾಯಿ ಒಣಗಿಸ್ತೀರೋ ಅವ್ರ ಮನೇಲಿ ಬಾಣ್ತಿ. ಈಗ ಆ ನೂಲು ತುಳೀಬ್ಯಾಡ್ರವ್ವ, ಸಿಕ್ಕಾಯ್ತದೆ."

ನ್ಯಾಯಕ್ಕಿಂತ ನೂಲು ಮುಖ್ಯವಾಗಿದ್ದ ಆ ಕ್ಷಣದಲ್ಲಿ ಹೊರಬಿದ್ದ ತೀರ್ಪು ಇದು. ಮಹಾಯುದ್ಧಗಳು ಇದಕ್ಕಿಂತ ಸಣ್ಣ ಮಾತಿಗೂ ಹೊತ್ತಿಕೊಂಡಿವೆ.

ಮರುದಿನದಿಂದ ರಣಭೇರಿ. ಇನ್ನೂ ನಕ್ಷತ್ರಗಳು ಆರದ ಮುಂಜಾವದಲ್ಲಿ ದುಂಡಮ್ಮ ಕೊಡವೆಂಬ ವರುಣಾಸ್ತ್ರವನ್ನು ಬುಡಕ್ಕೆ ಪ್ರಯೋಗಿಸಿದಳು. ಬಿಸಿಲೇರಿ ಪಾತ್ರೆ ಬೆಳಗಿ ಮುಗಿದ ಮೇಲೆ ಚಿಕ್ಕತಾಯಮ್ಮ ಪಡುವಲಿನಿಂದ ಎರಡು ಬಕೆಟ್ಟು ಬಿಟ್ಟಳು. ಸಂಜೆಗೆ ಅವಳು, ಅದರ ಮೇಲೆ ಇವಳು. ಕುಡಿಯುವ ನೀರಿಗೆ ಮನೆಯವರನ್ನು ಗದರಿಸುತ್ತಿದ್ದ ಈ ಇಬ್ಬರು, ಅರೆಬರೆ ಒಣಗಿದ ಗೋಡೆಬಿರುಕಿನಲ್ಲಿ ಹುಟ್ಟಿ ಬಾಯಾರಿಕೆಯೇ ಅಭ್ಯಾಸವಾಗಿದ್ದ ಆ ವೀರನನ್ನು ಕೊರಳವರೆಗೆ ನೀರಲ್ಲಿ ನಿಲ್ಲಿಸಿದರು. ಕೊಂಬೆಗಳ ಮೇಲೆ ಸ್ವಾಮ್ಯದ ಗುರುತೂ ಬಿತ್ತು: ಮೂಡಲ ರೆಂಬೆಗಳಿಗೆ ಕೆಂಪು ನೂಲು, ಪಡುವಲ ರೆಂಬೆಗಳಿಗೆ ಸೀರೆಯಂಚಿನಲ್ಲಿ ಉಳಿದ ಜರಿ. ಗಿಡ ಮದುವಣಿಗನಂತೆ ಕಂಗೊಳಿಸಿತು. ಒಳಗೊಳಗೆ ಕೊಳೆಯುತ್ತಲೂ ಇತ್ತು.

ಆಗ ಪ್ರಯೋಗವಾಯಿತು ಬ್ರಹ್ಮಾಸ್ತ್ರ. ಗಂಜಿ ಕುಡಿಯದ ನೂಲು ಮಗ್ಗದ ಮೊದಲ ಏಟಿಗೇ ತುಂಡಾಗುವುದನ್ನೂ, ಗಂಜಿ ಕುಡಿದ ನೂಲು ನೂರು ಏಟಿಗೂ ಜಗ್ಗದಿರುವುದನ್ನೂ ಹುಟ್ಟಿದಂದಿನಿಂದ ಕಂಡವಳು ದುಂಡಮ್ಮ. ನೂಲಿಗೆ ಬಲ ಕೊಡುವುದು ಗಿಡಕ್ಕೇಕೆ ಕೊಡಬಾರದು? ಅಕ್ಕಿಗಂಜಿಯ ಗಡಿಗೆಯನ್ನು ಹಾಗೆಯೇ ಬುಡಕ್ಕೆ ಮಗುಚಿದಳು. ಇಡೀ ಬೀದಿಯಲ್ಲಿ ಒಬ್ಬರೂ ತಪ್ಪೆನ್ನಲಿಲ್ಲ; ನೇಕಾರರಿಗೆ ಅದು ತಪ್ಪಾಗಿ ಕಾಣುವುದಾದರೂ ಹೇಗೆ? ಚಿಕ್ಕತಾಯಮ್ಮನಿಗೆ ಕಂಡದ್ದು ಒಂದೇ ದೋಷ: ಗಂಜಿ ತೆಳ್ಳಗಿತ್ತು.

"ಅದೇನ್ ಗಂಜಿಯೇ ಅದು, ಮುಖ ತೊಳೆದ ನೀರು! ನೋಡ್ತಿರು, ನಾ ಉಯ್ಯೋ ಗಂಜಿಗೆ ಗಿಡ ಸಲಾಕೆ ನಿಂತಂಗೆ ನಿಂತ್ಕತದೆ!"

"ಉಯ್ಯಿ ಉಯ್ಯಿ. ನಿನ್ ಮಗನ್ ಪಂಚೆಗೇ ಇಲ್ದಿದ್ ಗಂಜಿ ಗಿಡಕ್ ಎಲ್ಲಿಂದ್ ತತ್ತೀಯೋ ನಾನೂ ನೋಡೇಬುಡ್ತೀನಿ!"

ಚಿಕ್ಕತಾಯಮ್ಮ ತಂದಳು. ಗಟ್ಟಿಯಾಗಿ ಕುದಿಸಿ, ಆರಿಸಿ, ಸೌಟಿನಲ್ಲಿ ಬಡಿಸಿದಳು.

ಗಿಡ ಸಲಾಕೆಯಂತೆ ನಿಲ್ಲಲಿಲ್ಲ. ಗಂಜಿ ಹುಳಿತು ಬುಡ ನಾರಿತು. ಆ ಸುವಾಸನೆಯನ್ನು ಅರಸಿ ಇರುವೆಗಳ ಅಕ್ಷೋಹಿಣಿ ಎರಡು ಹಿತ್ತಿಲುಗಳಿಂದಲೂ ಸಾಲುಗಟ್ಟಿತು. ಅವು ತಮ್ಮ ಬೆನ್ನ ಹಿಂದೆಯೇ ಹತ್ತಿಯಂತೆ ಬೆಳ್ಳಗಿನ ಹಿಟ್ಟುಹುಳುಗಳನ್ನು ಕರೆತಂದು ಎಲೆಯಡಿಯಲ್ಲಿ ಬೀಡುಬಿಡಿಸಿದವು. ಛತ್ರದಂಥ ಎಲೆಗಳು ಅರಿಸಿನವಾಗಿ ಒಂದೊಂದೇ ಉದುರಿದವು. ಒಂದು ಬೆಳಿಗ್ಗೆ ನೋಡಿದರೆ ಮಹಾರಥನ ಮೈಮೇಲೆ ಉಳಿದದ್ದು ಮುಳ್ಳು, ಕೆಂಪು ನೂಲು ಮತ್ತು ಜರಿ.

"ಕೊಂದ್ಬುಟ್ಯಲ್ಲೇ!" ಎಂದಳು ಒಬ್ಬಳು.

"ನೀನೇ ಕಣೇ ಕೊಂದೋಳು!" ಎಂದಳು ಇನ್ನೊಬ್ಬಳು.

ಆದರೆ ದುಂಡಮ್ಮ ಬೈಗುಳವನ್ನು ಅರ್ಧಕ್ಕೇ ಬಿಟ್ಟು, ಒಗೆಯುವ ಕಲ್ಲಿನ ಮೇಲೆ ಕುಳಿತುಬಿಟ್ಟಳು. ಕಾಯಿ ಇಲ್ಲ, ಕಾಯಿ ಇಲ್ಲದಿದ್ದರೆ ಶೆಟ್ಟರ ತೀರ್ಪಿನಲ್ಲಿ ಅವಳ ಪಾಲಿಗೆ ಏನೂ ಇಲ್ಲ, ಬಸುರಿ ಇದ್ದ ಮನೆಯಲ್ಲೇ ಇರುತ್ತಾಳೆ. ಅದು ಚಿಕ್ಕತಾಯಮ್ಮನಿಗೂ ಗೊತ್ತಾಯಿತು. ಗೆದ್ದಳೆಂದು ಹಿಗ್ಗಬೇಕಾದವಳು ಯಾಕೋ ಬಾಯಿಯ ತಾಂಬೂಲವನ್ನು ಉಗುಳಿಬಿಟ್ಟಳು.

ಆಗ ಹೊರಬಂದಳು ನಾಗಮಣಿ, ಗರ್ಭಭಾರಮಂಥರಗಮನೆ, ಒಂದು ಕೈಯಲ್ಲಿ ಸೊಂಟ ಹಿಡಿದು, ಇನ್ನೊಂದರಲ್ಲಿ ಹುಣಿಸೆಕಾಯಿ ಹಿಡಿದು.

"ಇಬ್ರೂ ಸೇರ್ಕಂಡು ಮುಳುಗ್ಸಿದ್ರಿ, ಈಗ ಸೂತ್ಕ ಕೂತಿದ್ದೀರಾ? ಸುಂಡೆಗಿಡ ಸಾಯ್ತದಾ? ಕಡೀರಿ ಮೊಣಕಾಲ್ ಮಟ್ಟಕ್ಕೆ. ಬುಡ ಕೆದ್ರಿ ಬೂದಿ ಹಾಕಿ. ಆಮೇಕೆ ಒಂದ್ ತೊಟ್ಟು ನೀರು ಉಯ್ದೋರ್ನ ನಾ ಮಾತಾಡ್ಸಾಕಿಲ್ಲ, ಅವ್ವನಾಗ್ಲಿ ಅತ್ತೆಯಾಗ್ಲಿ."

ಕಡಿಯುವ ಮಹಾಕಾರ್ಯಕ್ಕೆ ರೇವಣ್ಣನನ್ನು ಮಗ್ಗದ ಕುಣಿಯಿಂದ ಎಬ್ಬಿಸಲಾಯಿತು. ಲಾಳಿಯಲ್ಲದೆ ಬೇರೆ ಆಯುಧವನ್ನರಿಯದ ಆ ವೀರನು ಮಚ್ಚು ಝಳಪಿಸಿ, ಹೆಂಡತಿಯೆಡೆಗೆ ಒಮ್ಮೆ ನೋಡಿ, "ಇದೇನ್ ಮಹಾ, ಎರಡೇಟು!" ಎಂದು ಘರ್ಜಿಸಿ ಮುನ್ನುಗ್ಗಿದನು. ಮೊದಲನೆಯ ಏಟಿಗೇ ಹೆಬ್ಬೆರಳಿಗೆ ಮುಳ್ಳು ಹೊಕ್ಕು, "ಅವ್ವಾ!" ಎಂಬ ಸಿಂಹನಾದ ದಿಕ್ಕುಗಳನ್ನು ತುಂಬಿತು. ಉಳಿದ ಏಟುಗಳನ್ನು ಇಬ್ಬರು ಬೀಗಿತ್ತಿಯರು ಸರದಿಯಲ್ಲಿ ಹಾಕಿದರು. ಸಂಜೆಯ ಹೊತ್ತಿಗೆ ಮಹಾರಥನು ಮೊಣಕಾಲೆತ್ತರದ ಮೋಟಾಗಿ ನಿಂತಿದ್ದನು. ಮುಳ್ಳಿನ ತಡೆ ಹೋದ ಗೋಡೆಯ ಕಂಡಿ ಮೊದಲ ಬಾರಿಗೆ ಕಂಡಿಯಂತೆ ಕಂಡಿತು.

ಅನಂತರದ ತಪಸ್ಸು ಯುದ್ಧಕ್ಕಿಂತ ಕಷ್ಟದ್ದು. ಏನೂ ಮಾಡದಿರುವುದೇ ಆರೈಕೆಯಾದಾಗ ಇಬ್ಬರ ಕೈಗೂ ನವೆ ಹತ್ತಿತು. ದುಂಡಮ್ಮ ಕೊಡ ಹಿಡಿದು ಬಂದು ಮೋಟಿನ ಮುಂದೆ ನಿಂತು ಹಿಂದಿರುಗುವಳು. ಚಿಕ್ಕತಾಯಮ್ಮ ಅವಳನ್ನು ಕಾಯುವ ನೆಪದಲ್ಲಿ ಎದುರಿಗೆ ಬಂದು ಕೂರುವಳು. ಕೂತವರು ಸುಮ್ಮನಿರಲಾರದೆ ಮಾತಾಡಿದರು. ಮೋಟಿನ ಪಕ್ಕದಲ್ಲಿ ಇಲಿಕಿವಿಯಂಥ ಚಿಗುರೊಂದು ಎದ್ದ ದಿನ ಇಬ್ಬರೂ ಒಟ್ಟಿಗೆ ಕಂಡರು, ಇಬ್ಬರೂ ತಾನೇ ಮೊದಲು ಕಂಡದ್ದೆಂದರು.

ಕಾರ್ತಿಕದಲ್ಲಿ ಕಾಯಿ ಬಂತು. ಬಂದದ್ದು ಒಂದೇ ರೆಂಬೆಯಲ್ಲಿ, ಅದೂ ನಟ್ಟನಡುವಿನ ರೆಂಬೆಯಲ್ಲಿ. ಕೆಂಪು ನೂಲಿನದೂ ಅಲ್ಲ, ಜರಿಯದೂ ಅಲ್ಲ. ಕೊಯ್ದದ್ದು ಒಂದು ಮೊರ. ಕಲ್ಲಿನಲ್ಲಿ ಬಾಯಿ ಬಿಡುವಷ್ಟು ಜಜ್ಜಿ, ಹುಳಿಮಜ್ಜಿಗೆಯ ಗಡಿಗೆಗೆ ಹಾಕಿ, ಗಡಿಗೆಯನ್ನು ಯಾರ ಮನೆಗೂ ಒಯ್ಯದೆ ಗೋಡೆಯ ಕಂಡಿಯಲ್ಲೇ ಇಟ್ಟರು. ಹಗಲು ಬಿಸಿಲಿಗೆ, ಸಂಜೆ ಮತ್ತೆ ಅದೇ ಮಜ್ಜಿಗೆಗೆ. ಮೊರ ತುಂಬಿದ್ದ ಕಾಯಿ ದಿನದಿಂದ ದಿನಕ್ಕೆ ಕುಗ್ಗಿತು: ಮೊರದಿಂದ ತಟ್ಟೆಗೆ, ತಟ್ಟೆಯಿಂದ ಬಟ್ಟಲಿಗೆ. ಎರಡು ಮನೆಯ ನೀರು, ಎರಡು ಗಡಿಗೆ ಗಂಜಿ, ಒಬ್ಬ ಗಂಡಸಿನ ಹೆಬ್ಬೆರಳು, ಇಷ್ಟನ್ನೂ ನುಂಗಿದ ಮಹಾಸಮರದ ಫಲ ಕೊನೆಗೆ ಚಿಕ್ಕತಾಯಮ್ಮನ ಸುಣ್ಣದ ಡಬ್ಬಿಯಲ್ಲಿ ಹಿಡಿಸಿತು.

ಒಣಗಿಸಿದವರು ಇಬ್ಬರೂ. ಹಾಗಾದರೆ ಬಾಣಂತಿ ಯಾರ ಮನೆಯಲ್ಲಿ? ಇಬ್ಬರೂ ಮತ್ತೆ ಶೆಟ್ಟರ ಜಗಲಿಗೆ ಹೊರಡಲು ಸೆರಗು ಸಿಕ್ಕಿಸುತ್ತಿದ್ದಾಗ, ನಾಗಮಣಿ ತನ್ನ ತಲೆದಿಂಬನ್ನು ಕಂಕುಳಲ್ಲಿಟ್ಟುಕೊಂಡು ಗೋಡೆಯ ಕಂಡಿಯಲ್ಲಿ, ಮೋಟುಗಿಡದ ಪಕ್ಕ ಸೀರೆ ಎತ್ತಿಹಿಡಿದು, ಆಚೆಗೆ, ಅವ್ವನ ಹಿತ್ತಿಲಿಗೆ ದಾಟಿದಳು. ದಿಗ್ವಿಜಯ ಅಷ್ಟೇ.

"ಅತ್ತೆ, ದಿನಾ ಇಲ್ಲೇ ಬಂದು ನೀರು ಹಾಕ್ಬುಡಿ ನಂಗೆ. ಅವ್ವನ್ಗೆ ಬಿಸಿ ನೀರಿನ ಹದ ಗೊತ್ತಿಲ್ಲ."

ಅಂದೇ ಗಂಡುಮಗು ಹುಟ್ಟಿತು. ಮೊದಲ ಊಟಕ್ಕೆ ಎಲೆ ಹಾಕಿ, ಬಿಸಿ ಅನ್ನ, ತುಪ್ಪ, ಅದರ ನೆತ್ತಿಯ ಮೇಲೆ ಕರಿದ ಸುಂಡೆಕಾಯಿ ಇಟ್ಟು, ತಾಯಿ ಎಡಕ್ಕೆ, ಅತ್ತೆ ಬಲಕ್ಕೆ ಉಸಿರು ಹಿಡಿದು ಕುಳಿತರು. ನಾಗಮಣಿ ಒಂದನ್ನು ಬಾಯಿಗೆ ಹಾಕಿದಳು. ಮುಖ ಹಿಂಡಿತು. ಉಳಿದವನ್ನು ಬೆರಳಿನಿಂದ ಎಲೆಯ ಅಂಚಿಗೆ ತಳ್ಳಿದಳು.

"ಅಯ್ಯೋ, ಬರೀ ಉಪ್ಪು!"

"ನಾ ಒಂದೇ ಹಿಡಿ ಹಾಕಿದ್ದು," ಎಂದಳು ದುಂಡಮ್ಮ.

"ನಾನೂ ಒಂದೇ ಹಿಡಿ," ಎಂದಳು ಚಿಕ್ಕತಾಯಮ್ಮ.

ಮರುದಿನ ಬೆಳಿಗ್ಗೆ ದುಂಡಮ್ಮ ಗೋಡೆಯ ಕಂಡಿಗೆ ಬಂದಾಗ ಕಣ್ಣುಗಳು ಕೆಂಪಾಗಿದ್ದವು. ಚಿಕ್ಕತಾಯಮ್ಮ ಗಾಬರಿಯಿಂದ ಪಾತ್ರೆ ಕೆಳಗಿಟ್ಟಳು.

"ಏನಾಯ್ತು ಬೀಗಿತ್ತಿ? ಮಗು ಅಳ್ತಾ?"

"ಮಗು ಎಲ್ಲಿ ಅತ್ತು? ಅವ್ಳು! ರಾತ್ರಿಯೆಲ್ಲ ಗೊರಕೆ ಕನವ್ವ. ಒಂದು ಗಳಿಗೆ ಕಣ್ಣು ಮುಚ್ಚಿಲ್ಲ ನಾನು." ಇದನ್ನು ದುಂಡಮ್ಮ ಬೀದಿಗೆಲ್ಲ ಕೇಳುವಂತೆ ಹೇಳಿದಳು.

"ಮೂರ್ ವರ್ಷದಿಂದ ನಾ ಕೇಳಿಲ್ವಾ?" ಎಂದು ಚಿಕ್ಕತಾಯಮ್ಮ ಮತ್ತೆ ಪಾತ್ರೆ ಕೈಗೆತ್ತಿಕೊಂಡಳು. "ಮೂಗಿಗೆ ವಸಿ ಬಿಸಿ ಎಣ್ಣೆ ಸವ್ರು. ಕಮ್ಮಿಯಾಯ್ತದೆ."

"ಬ್ಯಾಡ ಬುಡು," ಎಂದಳು ದುಂಡಮ್ಮ.