ಮಾಸ್ತರು ಕಣ್ಣು ಮುಚ್ಚಿದ್ರಂದ್ರ

ನಮ್ಮ ಶಂಕರರಾಯ ಮಾಸ್ತರು ಕಣ್ಣು ಮುಚ್ಚಿ ಬಾಯಿ ತೆರೆದ್ರಂದ್ರ ಏನರ ಒಂದು ಆಗೇ ತೀರತಿತ್ತು. ಸೊಲ್ಲಾಪುರದ ಕಾಲೇಜಿನ್ಯಾಗ ಇಂಗ್ಲೀಷ್ ಕಲಸ್ತಿದ್ರು, ಮನ್ಯಾಗ ಕನ್ನಡ ಕವಿತಾ ಬರೀತಿದ್ರು. ಎರಡನ್ನೂ ಯಾರೂ ಕೇಳತಿದ್ದಿಲ್ಲ. ಮೂವತ್ತು ದಾಟಿದ್ರೂ ಲಗ್ನ ಆಗಿದ್ದಿಲ್ಲ. ಅವರವ್ವಗ ಅದೊಂದ ಚಿಂತಿ. ನಾ ಅವರ ವಾಡೇದಾಗ ಬಾಡಿಗಿ ಇದ್ದೆ. ಅವರ ಕ್ಲಾಸಿನ್ಯಾಗೂ ಇದ್ದೆ. ಎಷ್ಟು ದಿನ ಅಂತ ಮಾತ್ರ ಕೇಳಬ್ಯಾಡ್ರಿ.

೧. ರಸಿಕ

ಒಮ್ಮೆ ಇಂಗ್ಲೀಷ್ ಕವಿತಾ ಓದತ ಓದತ ಮಾಸ್ತರು ಕಣ್ಣು ಮುಚ್ಚಿದ್ರು. ಅಷ್ಟರಾಗ ಬಟ್ಟಿ ಗಿರಣಿ ಭೋಂಗಾ ಭೋಂ ಅಂತ ಕೂಗಿತು. ಆ ಗದ್ದಲದಾಗ ಹುಡುಗರು ಚಪ್ಪಲಿ ಕೈಯಾಗ ಹಿಡಕೊಂಡು ಒಬ್ಬೊಬ್ಬರ ಜಾರಿದ್ರು. ಉಳದಾಂವ ನಾ ಒಬ್ಬನ, ಡೆಸ್ಕಿನ ಮ್ಯಾಲ ಮಾರಿ ಇಟ್ಟು. ಮಾಸ್ತರು ಬಂದು ತಲಿ ಸವರಿದ್ರು.

"ಅಳಬ್ಯಾಡೋ ತಮ್ಮಾ. ಕವಿತಾ ಅಂದ್ರ ಹಿಂಗ, ಎದಿಗೆ ತಟ್ಟತದ."

ನಾ ಎದ್ದು ಕಣ್ಣು ಒರಸಿಕೊಂಡೆ. ಎಂಥಾ ಚಲೋ ನಿದ್ದಿ ಹತ್ತಿತ್ತು!

ಮುಂದ ನಾ ಕಾಲೇಜು ಬಿಟ್ಟಾಗ, "ವಿದ್ಯಾರ್ಥಿ ಹೋದ್ರ ಹೋಗಲಿ, ರಸಿಕ ಹೋದನಲ್ಲೋ" ಅಂತ ಮರಗಿದ್ರು. ಹೆಣ್ಣು ನೋಡಾಕ ಹೋಗೂವಾಗೆಲ್ಲ ನನ್ನನ್ನ ಜೋಡಿಗೆ ಕರಕೊಂಡು ಹೋಗಾಕತ್ತಿದ್ರು.

೨. ಭಂಡಾರ

ಅಕ್ಕಲಕೋಟಿಯಾಗ ಒಂದು ದೊಡ್ಡ ಒಕ್ಕಲತನದ ಮನಿ. ಹುಡುಗಿ ತಂದಿ, "ಏನರ ನಾಕ ಮಾತು ಆಡ್ರಿ" ಅಂದ್ರು. ಮಾಸ್ತರು ಕಣ್ಣು ಮುಚ್ಚಿ, ಮೈ ತೂಗತ ತಮ್ಮ ಕವಿತಾ ಸುರು ಮಾಡಿದ್ರು: "ಬಾ, ಚಂದ್ರಮಾ, ಬಾ! ಬಾ!"

ಅಜ್ಜಿ ಒಳಗಿಂದ ಓಡಿ ಬಂದು ಮಾಸ್ತರ ಹಣಿಗೆ ದೇವರ ಭಂಡಾರದ ಅರಿಷಿಣ ಬಡದು, ಅಡ್ಡಬಿದ್ಲು. "ಮೈಯಾಗ ಬಂದೀಯಲ್ಲೋ ನನ್ನ ದೇವ್ರೇ! ನಮ್ಮ ಎಮ್ಮಿ ಯಾಕ ಗಬ್ಬ ಆಗವಲ್ದು, ಹೇಳು!"

"ಹುಣ್ಣಿಮಿ ಬರತದ! ಬೆಳಕು ತರತದ!" ಅಂದ್ರು ಮಾಸ್ತರು. ಅದು ಕವಿತಾದ ಮುಂದಿನ ಸಾಲು.

ಹುಡುಗಿ ತಂದಿ ನಮ್ಮನ್ನ ಅಗಸಿ ತನಕ ಕಳಸಾಕ ಬಂದು ಕೈ ಮುಗದ್ರು: "ದೇವ್ರಿಗೆ ಹೆಣ್ಣು ಕೊಡೂ ಯೋಗ್ಯತಾ ನಮಗಿಲ್ರಿ. ಎಮ್ಮಿ ಈದ್ರ ಗಿಣ್ಣ ಕಳಸ್ತೀವಿ."

೩. ಒಡಪು

ಅವ್ವ ಆಣಿ ಹಾಕಿದ್ರು: "ಸೊಸಿ ನನ್ನ ಹೊಸ್ತಲ ದಾಟೂ ತನಕ ಬಾಯಿ ತೆರದೀ ಅಂದ್ರ ನಾ ನಿನ್ನ ಅವ್ವ ಅಲ್ಲ!"

ಮಾಸ್ತರು ಮೈಂದರ್ಗಿಗೆ ಹೆಣ್ಣು ನೋಡಾಕ ಹೋಗಿ ಗಪ್ಪ ಕೂತು ಬಂದ್ರು. "ಎಷ್ಟ ಶಾಣ್ಯಾ ಮನಷ್ಯಾ, ಒಂದ ಮಾತು ಹೆಚ್ಚಿಲ್ಲ" ಅಂತ ಹೆಣ್ಣು ಕೊಟ್ರು. ಲಗ್ನಾತು. ಸೊಸಿ ಸೊಲ್ಲಾಪುರಕ್ಕ ಬಂದ್ಲು, ಜೋಡಿಗೆ ಆಕಿ ಅಪ್ಪನೂ ಬಂದ್ರು.

ಬಾಗಿಲದಾಗ ಮಾಸ್ತರ ಅಕ್ಕ ಕೈ ಅಡ್ಡ ಹಾಕಿದ್ಲು: "ಒಡಪು ಹಾಕಿ ಹೇಣ್ತಿ ಹೆಸರು ಹೇಳು, ಆಮ್ಯಾಲ ಒಳಗ!"

ಎಲ್ಲಾರೂ ಎರಡ ಸಾಲು ಪ್ರಾಸ ಹಚ್ಚಿ, ಹೆಸರು ಹೇಳಿ, ಉಣ್ಣಾಕ ಹೋಗತಾರ. ಕವಿಗೆ ಎರಡ ಸಾಲು ಸಾಕಾಗತಾವೇನ್ರಿ? ಮಾಸ್ತರು ಕಣ್ಣು ಮುಚ್ಚಿದ್ರು. ಆಣಿ ಹಾಕಿದಾಕಿ ಅವ್ವ, ಬಾಯಿ ತೆರಸಿದಾಕಿ ಅಕ್ಕ!

ಮೊದಲ ಸೂರ್ಯ ಹುಟ್ಟಿದ. ಆಮ್ಯಾಲ ಹಕ್ಕಿ ಎದ್ದವು. ಆಮ್ಯಾಲ ಭೀಮಾ ನದಿ ಹರೀತು, ಸಾವಕಾಶ. ಹೇಣ್ತಿ ಹೆಸರು ಮಾತ್ರ ಬರವಲ್ದು. ಒಳಗ ಹೋಳಿಗಿ ಆರಾಕತ್ತಿದ್ವು. ಬೀಗರು ನನ್ನ ಕಿವ್ಯಾಗ, "ಇವರಿಗೆ ಮಾತು ಬರತದಂತ ಮೊದಲ ಹೇಳಬಾರದೇನ್ರಿ?" ಅಂದ್ರು. ಅವ್ವ, ಸೊಸಿ ಇಳದು ಬಂದ ಟಾಂಗಾದ ಕಡೆ ನೋಡತ ಸೆರಗ ಹಿಂಡಾಕತ್ತಿದ್ರು. ಸೊಸಿ ಹೊಳ್ಳಿ ಅದನ್ನ ಹತ್ತಿಬಿಟ್ರ?

ಕವಿತಾದಾಗ ಚಂದ್ರ ಇಣಿಕಿ ಹಾಕೂದಕ್ಕ, ಸೊಸಿ ತಲಿ ಎತ್ತಿದ್ಲು:

"ಕವಿತಾ ಮುಗಿಯೂದರಾಗ ಆರಿ ಹೋತು ಅನ್ನ,
ಶಂಕರರಾಯರ ಕರಕೊಂಡು ಒಳಗ ನಡದೆ ಮುನ್ನ!"

ಅಂದಾಕಿನ ಅಕ್ಕನ ಕೈ ಸರಿಸಿ, ಹೊಸ್ತಲದ ಅಕ್ಕಿ ಸೇರು ಒದ್ದು ಒಳಗ ಹೋದ್ಲು. ಸೆರಗಿಗೆ ಗಂಟ ಹಾಕಿತ್ತಲ್ಲ, ಮಾಸ್ತರೂ ಹಿಂದಿಂದ ಹೋದ್ರು, ಕಣ್ಣು ಮುಚ್ಚೇ!

ಒಳಗ ಕಣ್ಣು ತೆರದು ಗಾಬರಿಯಾದ್ರು: "ನಾ ಇನ್ನೂ ಹೆಸರ ಹೇಳಿಲ್ಲಲ್ಲ!"

ಆಕಿ ಹೋಳಿಗಿ ತಾಟು ಮುಂದ ಸರಿಸಿದ್ಲು.

"ಮೊದಲ ಇದನ್ನ ಬಾಯಾಗ ಹಾಕ್ಕೋರಿ. ನನ್ನ ಹೆಸರ ನನಗ ಗೊತ್ತದ."