ಸಾಲ ತೀರಿದ ಪೇಢೆ

ಸಾಲ ತೀರಿತು ಎಂದು ಹೇಳುವವರನ್ನು ನಾನು ನಂಬುವುದಿಲ್ಲ. ಸಾಲ ಇದೆ ಎಂದು ಹೇಳುವವರನ್ನಂತೂ ಮೊದಲೇ ನಂಬುವುದಿಲ್ಲ. ಹಾಗಾದರೆ ಯಾರನ್ನು ನಂಬುತ್ತೀಯಪ್ಪ ಎಂದು ನೀವು ಕೇಳಬಹುದು. ಕೇಳುವವರು ಯಾಕೆ ಕೇಳುತ್ತಿದ್ದಾರೆ ಎಂದು ನಾನು ಮೊದಲು ವಿಚಾರಿಸುತ್ತೇನೆ. ಇದು ನನ್ನ ಚಟವಲ್ಲ, ತರಬೇತಿ. ಹಾನಗಲ್ಲಿನಲ್ಲಿ ಬಿ.ಎ. ಓದುವಾಗ ನಾನು ಚರ್ಚಾಕೂಟದ ಹುಲಿಯಾಗಿದ್ದೆ. ಬೆಳಿಗ್ಗೆ ಯಂತ್ರದಿಂದ ಮನುಷ್ಯ ಕೆಟ್ಟ ಎಂದು ವಾದಿಸಿ ಗೆದ್ದು, ಮಧ್ಯಾಹ್ನ ಯಂತ್ರದಿಂದಲೇ ಮನುಷ್ಯ ಉದ್ಧಾರವಾದ ಎಂದು ವಾದಿಸಿ ಮತ್ತೆ ಗೆದ್ದವನು. ಹಾಗೆ ಗೆದ್ದುತಂದ ಎರಡು ಕಪ್‌ಗಳಲ್ಲಿ ಅವ್ವ ಒಂದಕ್ಕೆ ಸಾಸಿವೆ, ಇನ್ನೊಂದಕ್ಕೆ ಜೀರಿಗೆ ತುಂಬಿ ಒಲೆಯ ಪಕ್ಕ ಇಟ್ಟಳು. ಅಷ್ಟರಮಟ್ಟಿಗೆ ನನ್ನ ವಾದದಿಂದ ಮನೆಗೆ ಉಪಯೋಗವಾಯಿತು.

ಮನೆ ಎಂದೆನಲ್ಲ, ಆ ಮನೆಯೇ ಈ ಕಥೆಯ ಮೂಲ. ಅಪ್ಪ ಶಿಗ್ಗಾವಿಯ ದನದ ದವಾಖಾನೆಯಲ್ಲಿ ಕಂಪೌಂಡರ್. ಸವಣೂರಿನ ಒಂದು ಸೊಸೈಟಿಯಲ್ಲಿ ಸಾಲ ಎತ್ತಿ ಶಿಗ್ಗಾವಿಯಲ್ಲಿ ಮೂರು ಖೋಲಿಯ ಮನೆ ಕಟ್ಟಿಸಿದ್ದ. ಬೇರೆಯವರು ಸಾಲ ತಂದರೆ ಕಂತು ಕಟ್ಟಲು ತಿಂಗಳು ತಿಂಗಳು ಒದ್ದಾಡುತ್ತಾರೆ. ನಮ್ಮಪ್ಪ ಒದ್ದಾಡಿದ್ದು ಕಂತಿಗಿಂತ ಹೆಚ್ಚು ಕಟ್ಟಲು. ಅವನ ತತ್ವಶಾಸ್ತ್ರ ದವಾಖಾನೆಯಲ್ಲೇ ಹುಟ್ಟಿದ್ದು. “ಬಡ್ಡಿ ಅಂದ್ರ ಉಣ್ಣಿ ಇದ್ದಂಗ. ದನ ಮಲಗಿದ್ರೂ ಅದು ಮಲಗೂದಿಲ್ಲ, ರಕ್ತ ಹೀರಕೊಂತ ಇರತೈತಿ. ದೌಡ್ ಕಿತ್ತು ಒಗೀಬೇಕು, ತಲಿ ಸಹಿತ ಕೀಳಬೇಕು” ಎನ್ನುತ್ತಿದ್ದ. ಈ ಉಣ್ಣಿಯ ತಲೆ ಕೀಳುವ ಕಾರ್ಯದಲ್ಲಿ ನಮ್ಮ ಮನೆಯಲ್ಲಿ ಏನೇನು ಹೋಯಿತು ಎಂದರೆ, ಮೊದಲು ಚಹಾದ ಸಕ್ಕರೆ ಹೋಗಿ ಬೆಲ್ಲ ಬಂತು. ಆಮೇಲೆ ಬೆಲ್ಲವೂ ಅರ್ಧವಾಯಿತು. ಗೋಡೆಗಳಿಗೆ ಒಳಗಡೆ ಗಿಲಾವು ಆಯಿತು, ಹೊರಗಡೆ ಇಟ್ಟಂಗಿಗಳು ಹಲ್ಲು ಕಿರಿದುಕೊಂಡೇ ಉಳಿದವು. ಅಗ್ಗಕ್ಕೆ ಸಿಕ್ಕಿತೆಂದು ಒಂದೇ ತಾನಿನ ಬಟ್ಟೆಯಲ್ಲಿ ಅಪ್ಪನ ಅಂಗಿಯೂ ಕಿಟಕಿಯ ಪರದೆಯೂ ಆದವು. ಅಪ್ಪ ಕಿಟಕಿಯ ಮುಂದೆ ನಿಂತರೆ ತಲೆ ಒಂದೇ ಕಾಣುತ್ತಿತ್ತು.

ಸಂಬಳವಾದ ಮೇಲಿನ ಶನಿವಾರ ಮಧ್ಯಾಹ್ನ ಅಪ್ಪ ಕೊಡೆ, ಕೈಚೀಲ ಹಿಡಿದು ಸವಣೂರಿನ ಬಸ್ಸು ಹತ್ತುತ್ತಿದ್ದ. ಸೊಸೈಟಿಯ ಸೆಕ್ರೆಟರಿ ಪ್ರತಿ ಸಲವೂ ಕಂತಿನ ಮೇಲಿನ ಹಣವನ್ನು ಅನುಮಾನದಿಂದ ನೋಡಿ, “ಯಾಕ್ರಿ ಇಷ್ಟು ಅವಸರ? ಇರ್ಲಿ ಬಿಡ್ರಿ” ಎನ್ನುತ್ತಿದ್ದನಂತೆ. ಸಾಲ ಕೊಟ್ಟವನು ವಾಪಸು ತೆಗೆದುಕೊಳ್ಳಲು ಇಷ್ಟು ಸಂಕೋಚಪಡುವುದನ್ನು ಕೇಳಿ ನನಗೆ ಆಗಲೇ ಅನುಮಾನ ಹುಟ್ಟಿತ್ತು. ಆದರೆ ಅನುಮಾನಪಡಲು ನನ್ನ ಹತ್ತಿರ ಬೇರೆ ವಿಷಯಗಳೂ ಬಹಳ ಇದ್ದುದರಿಂದ ಇದರ ಸರದಿ ಬಂದಿರಲಿಲ್ಲ.

ಸರದಿ ಬಂದದ್ದು ನಾನು ಬಿ.ಎ. ಮುಗಿಸಿ ಮನೆಗೆ ಬಂದು, ಧಾರವಾಡಕ್ಕೆ ಹೋಗಿ ಲಾ ಓದುತ್ತೇನೆ ಎಂದಾಗ. ಅಪ್ಪ ಒಂದೇ ಮಾತು ಹೇಳಿದ. “ಮನಿ ಸಾಲ ತೀರಲಿ.” ಮರುವರ್ಷ ಕೇಳಿದೆ. “ಇನ್ನೂ ತೀರಿಲ್ಲ.” ನಾನು ಕುಳಿತು ವಿಚಾರ ಮಾಡಿದೆ. ನನಗೆ ಬುದ್ಧಿ ತಿಳಿದಾಗಿನಿಂದ ಹೆಚ್ಚು ಹೆಚ್ಚು ಕಟ್ಟುತ್ತಿರುವ ಸಾಲ ತೀರುವುದಿಲ್ಲ ಎಂದರೆ ಮೂರೇ ಕಾರಣ ಇರಲು ಸಾಧ್ಯ. ಸೆಕ್ರೆಟರಿ ನುಂಗುತ್ತಿದ್ದಾನೆ, ಅಪ್ಪ ಮಟ್ಕಾ ಆಡುತ್ತಿದ್ದಾನೆ, ಇಲ್ಲವೇ ಸವಣೂರಿನಲ್ಲಿ ಇನ್ನೊಂದು ಸಂಸಾರ ಇದೆ. ಮೂರನೆಯದಕ್ಕೆ ಸಾಕ್ಷ್ಯವೂ ಇತ್ತು. ಸವಣೂರಿನಿಂದ ಬರುವಾಗ ಅಪ್ಪನ ಮುಖ ಕಂತು ಕಟ್ಟಿ ಬಂದವನ ಮುಖದಂತೆ ಇರುತ್ತಿರಲಿಲ್ಲ. ಕೈಯಲ್ಲಿ ಎಳೆಯ ವೀಳ್ಯದೆಲೆಯ ಕಟ್ಟು, ಮೀಸೆಯಲ್ಲಿ ಸವಣೂರಿನ ಕುರುಕಲು ತಿಂಡಿ ಖಾರದ ಪುಡಿ, ತುಟಿಯ ಮೇಲೆ ಸಣ್ಣ ಸೀಟಿ. ನನ್ನ ಮೂರೂ ಅಂಶಗಳನ್ನು ಅವ್ವನ ಮುಂದೆ ಮಂಡಿಸಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, “ನಿಮ್ಮಪ್ಪಗ ಇದೊಂದ ಸಂಸಾರ ಸಾಕಾಗೇತಿ. ಇನ್ನೊಂದು ಮಾಡಿದ್ರ ಅವಳಿಗೂ ಅರ್ಧ ಬೆಲ್ಲದ ಚಹಾ ಕುಡಿಸಿರ್ತಾನ, ಪಾಪ” ಎಂದಳು. ಅವಳು ನಕ್ಕ ರೀತಿ ನೋಡಿ ಅವಳ ಮೇಲೂ ಅನುಮಾನ ಬಂತು.

ಆ ಸಲದ ಚರ್ಚಾಸ್ಪರ್ಧೆಗೆ ಹಾನಗಲ್ಲಿನ ಕಾಲೇಜಿನವರು ನನ್ನನ್ನು ನಿರ್ಣಾಯಕನಾಗಿ ಕರೆದರು. ಪಕ್ಕದ ಕುರ್ಚಿಯಲ್ಲಿ ಇನ್ನೊಬ್ಬ ಅತಿಥಿ ಕುಳಿತಿದ್ದರು. ಪರಿಚಯ ಕೇಳಿದರೆ ಅದೇ ಸವಣೂರಿನ ಸೊಸೈಟಿಯ ಸೆಕ್ರೆಟರಿ! ನಾನು ಯಾರ ಮಗ ಎಂದು ತಿಳಿದದ್ದೇ ತಡ, ಹುಡುಗರ ಭಾಷಣ ಬಿಟ್ಟು ನನ್ನ ಕಡೆ ತಿರುಗಿದರು. “ನಿಮ್ಮಪ್ಪಾರು ಭಾಳ ಗಟ್ಟಿ ಮನುಷ್ಯಾ ಬಿಡ್ರಿ. ಅವಧಿಗಿಂತ ಎಷ್ಟೋ ಮೊದಲ ಪೂರಾ ಸಾಲ ತೀರಿಸಿದ್ರು. ವರ್ಷದ ಮ್ಯಾಲಾತು. ಒಂದು ಪೇಢೆ ಮಾತ್ರ ಕೊಡಲಿಲ್ಲ.”

“ತೀರಿಸಿದ್ರಾ?” ಎಂದೆ. ನನ್ನ ಧ್ವನಿ ನನಗೇ ಎದುರಾಳಿಯ ಧ್ವನಿಯಂತೆ ಕೇಳಿಸಿತು.

“ಅಯ್ಯ, ನಿಮಗ ಗೊತ್ತಿಲ್ಲೇನು? ಯಾರ ಮುಂದೂ ಹೇಳಬ್ಯಾಡ್ರಿ, ಬಾಯಿ ಮುಚ್ಚಿಕೊಂಡಿರ್ರಿ ಅಂದು ಹೋದ್ರು. ಬಾಯಿ ಮುಚ್ಚು ಅನ್ನಾವ್ರು ಬಾಯಾಗ ಏನರ ಹಾಕಬೇಕೋ ಬ್ಯಾಡೋ ನೀವ ಹೇಳ್ರಿ.”

ಅಂದು ನಾನು ಯಾವ ಹುಡುಗನಿಗೆ ಬಹುಮಾನ ಕೊಟ್ಟೆನೋ ನೆನಪಿಲ್ಲ. ಮುಂದಿನ ಶನಿವಾರ ಅಪ್ಪ ಹತ್ತಿದ ಬಸ್ಸಿನ ಹಿಂದಿನ ಬಸ್ಸು ಹತ್ತಿ ಸವಣೂರಿನಲ್ಲಿ ಇಳಿದೆ. ಸೊಸೈಟಿಯ ಕಡೆ ಹೋಗಲಿಲ್ಲ. ಮಟ್ಕಾದವರು ಕೂರುವ ಕಡೆ ಇಣುಕಿದೆ, ಅಪ್ಪ ಇರಲಿಲ್ಲ. ಮೂರನೆಯ ಅಂಶವನ್ನು ಹೇಗೆ ವಿಚಾರಿಸಬೇಕು, ಯಾರ ಬಾಗಿಲು ಬಡಿಯಬೇಕು ಎಂದು ತಿಳಿಯದೆ ನಡೆಯುತ್ತ ನಡೆಯುತ್ತ ಮಠದ ಹತ್ತಿರದ ದೊಡ್ಡ ಹುಣಸೆ ಮರಗಳ ಕಡೆ ಬಂದೆ. ಹೆಸರಿಗಷ್ಟೇ ಹುಣಸೆ, ನೋಡಿದರೆ ಊರ ಆನೆಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಮೇಲೆ ನಾಲ್ಕು ಎಲೆ ಸಿಕ್ಕಿಸಿದಂತಹ ಮರಗಳು ಅವು. ಒಂದು ಬೊಡ್ಡೆಗೆ ಬೆನ್ನು ಕೊಟ್ಟು, ಚಪ್ಪಲಿ ಬಿಚ್ಚಿ, ಕಾಲು ಚಾಚಿ ಅಪ್ಪ ಕುಳಿತಿದ್ದ. ಮಡಿಲಲ್ಲಿ ಖಾರದ ಪೊಟ್ಟಣ. ನನ್ನನ್ನು ನೋಡಿ ಬೆಚ್ಚಲಿಲ್ಲ. ಸ್ವಲ್ಪ ಪಕ್ಕಕ್ಕೆ ಸರಿದ, ಅಷ್ಟೇ.

“ಕುಂದ್ರು. ಖಾರ ತಿನ್ನು.”

“ನನಗ ಖಾರ ಬ್ಯಾಡ, ಉತ್ತರ ಬೇಕು.”

“ಉತ್ತರಕ್ಕ ಹೊತ್ತು ಹಿಡಿತೈತಿ. ಅಷ್ಟರಾಗ ಖಾರ ಮೆತ್ತಗಾಕ್ಕೇತಿ.”

ತಿಂದೆ. ಅಪ್ಪ ಹೇಳಿದ. “ಸಾಲ ಇದ್ದವನ ಹತ್ರ ಯಾರರ ಸಾಲ ಕೇಳ್ತಾರೇನು? ಬಾಗಿಲಿಗೆ ನಾಯಿ ಕಟ್ಟಿದಂಗ ಅದು. ಕೂಳು ಹಾಕೂದೂ ಬ್ಯಾಡ. ಸಾಲ ಇದ್ದಷ್ಟು ದಿನ ನಿಮ್ಮ ಮಾಸೂರ ಮಾವ ಬಂದ, ಚಹಾ ಕುಡದ, ಹೋದ. ಸಾಲ ತೀರೇತಿ ಅಂತ ಗೊತ್ತಾದ್ರ ಅಂವ ಚಹಾ ಕುಡದು ಹೋಗೂ ಮನುಷ್ಯಾ ಅಲ್ಲ. ಹೊರಗಿನ ಗಿಲಾವ್ ಯಾಕ ಮಾಡಿಸಿಲ್ಲ ಅಂತ ತಿಳದಿ?”

“ಮತ್ತ ತಿಂಗಳಾ ತಿಂಗಳಾ ಇಲ್ಲಿಗೆ ಯಾಕ ಬರ್ತಿ?”

“ಒಮ್ಮೆಲೆ ಬರೂದು ಬಿಟ್ರ ಊರು ಕೇಳೂದಿಲ್ಲೇನು? ಮೊದಮೊದಲು ತೋರಿಕಿಗೆ ಬಂದೆ. ಈಗ...” ಎಂದು ಮೇಲೆ ಮರ ನೋಡಿದ. “ಈಗ ರೂಢಿ ಆಗೇತಿ.”

“ಅವ್ವಗ ಗೊತ್ತೈತಿ, ಅಕಿ ನಕ್ಕಿದ್ದಕ್ಕ ಈಗ ಅರ್ಥ ಆತು. ನನಗ ಯಾಕ ಹೇಳಲಿಲ್ಲ?”

“ನೀ ವಾದ ಗೆಲ್ಲಾಕ ಏನು ಬೇಕಾದ್ರೂ ಒದರಾವ. ಬಸ್‌ಸ್ಟ್ಯಾಂಡಿನಾಗ ಯಾವನರ ನಿಮ್ಮಪ್ಪ ಸಾಲಗಾರ ಅಂದ್ರ, ಅವನ್ನ ಸೋಲಿಸೇ ಮನಿಗೆ ಬರ್ತಿ.”

ಆಕ್ಷೇಪಣೆಯನ್ನು ಬದಿಗಿಟ್ಟು ನೇರವಾಗಿ ಬೇಡಿಕೆಗೆ ಬಂದೆ. ಸಾಲ ತೀರಿದಾಗಿನಿಂದ ಉಳಿದ ಕಂತಿನ ಹಣವನ್ನು ಅಪ್ಪ ಪೋಸ್ಟಿನಲ್ಲಿ ಕೂಡಿಡುತ್ತಿದ್ದನಂತೆ. ಆ ಹಣದಲ್ಲಿ ನನ್ನನ್ನು ಧಾರವಾಡಕ್ಕೆ ಕಳಿಸಬೇಕು. ಪ್ರತಿಯಾಗಿ ನನ್ನ ಬಾಯಿ ಮುಚ್ಚಿರುತ್ತದೆ.

“ಇದು ವಕೀಲಿ ಅಲ್ಲೋ ಮಗನ, ದರೋಡಿ” ಎಂದ ಅಪ್ಪ.

“ಎರಡರಾಗ ಏನು ಫರಕ ಐತಿ ಅಂತ ಧಾರವಾಡದಾಗ ಕಲಸ್ತಾರಲ್ಲ.”

ಅಪ್ಪ ಪೊಟ್ಟಣ ಕೊಡವಿ ಎದ್ದ. ಒಪ್ಪಂದವಾಯಿತು.

ಲಾ ಕಾಲೇಜಿಗೆ ಹಣ ತುಂಬಲು ಇನ್ನೂ ಕೆಲವು ದಿನ ಇರುವಾಗ ಮಾಸೂರಿನ ಮಾವ ಬಂದ. ಅವ್ವನ ತಮ್ಮ. ಮದಗದ ಕೆರೆಯ ನೀರು ಹಾಯುವ ಸ್ವಲ್ಪ ಗದ್ದೆ, ಆ ಗದ್ದೆಗಿಂತ ಹೆಚ್ಚು ಯೋಜನೆಗಳು ಇರುವ ಮನುಷ್ಯ. ಈ ಸಲದ ಯೋಜನೆ ಹಿಟ್ಟಿನ ಗಿರಣಿ. ಬೇಕಾದ ಹಣ ಹೇಳಿದ. ನೋಡಿದರೆ ಅದು ಸರಿಯಾಗಿ ನನ್ನ ಧಾರವಾಡ! ಅಪ್ಪ ಎಂದಿನಂತೆ ನಾಯಿಯನ್ನು ಬಿಟ್ಟ. “ಮನಿ ಸಾಲ ಐತಲ್ಲಪಾ.”

“ಇನ್ನೂ ಐತೇನ್ರಿ ಭಾವಾರ?” ಎಂದ ಮಾವ. “ನೀವು ಕಂತಿಗಿಂತ ಹೆಚ್ಚ ಕಟ್ಟಾಕತ್ತೀರಿ ಅಂತ ಅಕ್ಕ ಅಂದಿದ್ಲು. ಇಷ್ಟೊತ್ತಿಗೆ ತೀರಬೇಕಿತ್ತಲ್ರಿ.”

ಅಪ್ಪ ಕೆಮ್ಮಿದ. ಅವ್ವ ಒಳಗೆ ಹೋದಳು. ನನ್ನ ಧಾರವಾಡ ಬಾಗಿಲು ದಾಟಿ ಹೋಗುವುದು ನನಗೆ ಕಣ್ಣಾರೆ ಕಂಡಿತು. ಎದ್ದು ನಿಂತೆ. ನಿಲ್ಲದೆ ನನಗೆ ವಾದ ಬರುವುದಿಲ್ಲ. ಬಡ್ಡಿ ಎಂಬ ಉಣ್ಣಿಯಿಂದ ಶುರುಮಾಡಿದೆ. ಅರ್ಧ ಬೆಲ್ಲದ ಚಹಾ ಹೇಳಿದೆ. ಮಾವನನ್ನು ಬಾಗಿಲಿಗೆ ಕರೆದುಕೊಂಡು ಹೋಗಿ ಹಲ್ಲು ಕಿರಿದ ಗೋಡೆಗಳನ್ನು ತೋರಿಸಿದೆ. ಅಪ್ಪನನ್ನು ಕಿಟಕಿಯ ಮುಂದೆ ನಿಲ್ಲಿಸಿ, ಅಂಗಿ ಎಲ್ಲಿ ಮುಗಿಯಿತು ಪರದೆ ಎಲ್ಲಿ ಶುರುವಾಯಿತು ಹೇಳು ಮಾವಾ ಎಂದೆ. ಹರಿದ ಸೀರೆಯ ಸೆರಗನ್ನು ಒಳಗೆ ಮಡಚಿ ಉಡುವ ಅವ್ವನ ವಿಷಯ ಹೇಳಿದೆ. ಲಾ ಓದುವ ಆಸೆಯನ್ನು ಎದೆಯಲ್ಲೇ ಹೂತುಕೊಂಡ ಒಬ್ಬ ತರುಣನ ಕಥೆ ಹೇಳುವಾಗ ಕೈಯನ್ನು ಎದೆಯ ಮೇಲೆ ಇಟ್ಟುಕೊಂಡೆ. ಒಂದು ಸಾಲದ ಮಾತು ಬಿಟ್ಟರೆ ಹೇಳಿದ್ದೆಲ್ಲ ಖರೆಯೇ. ಮಾವ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡ. “ಸಾಕೋ ಅಳಿಯಾ, ಸಾಕು” ಎಂದು, ಚಹಾವನ್ನೂ ಕುಡಿಯದೆ ಎದ್ದು ಹೋದ.

ಅಪ್ಪ ನನ್ನ ಬೆನ್ನು ತಟ್ಟಿದ. ಹುಟ್ಟಿದಾಗಿನಿಂದ ಅದೇ ಮೊದಲು. ಅವ್ವ ಮಾತ್ರ, “ನನ್ನ ತಮ್ಮ ಅಳೂದನ್ನ ನೋಡಿ ಖುಷಿ ಪಡಬ್ಯಾಡ್ರಿ, ಅದು ಚೊಲೋ ಅಲ್ಲ” ಎಂದಳು.

ಮುಂದಿನ ವಾರವೇ ಮಾವ ಮತ್ತೆ ಬಂದ. ಕುಳಿತುಕೊಳ್ಳುವ ಮೊದಲೇ ಟವೆಲ್ಲಿನ ಗಂಟು ಬಿಚ್ಚಿ ಅಪ್ಪನ ಮುಂದೆ ಇಟ್ಟ. ನೋಟುಗಳು. “ಭತ್ತದ ರೊಕ್ಕ, ಒಂದಿಷ್ಟು ಬೀಗರ ಕಡಿಂದ ತಂದೇನಿ. ಬಡ್ಡಿ ಬ್ಯಾಡ, ಏನೂ ಬ್ಯಾಡ. ಮೊದಲ ಆ ಉಣ್ಣಿ ಕಿತ್ತು ಒಗೀರಿ. ನನ್ನ ಗಿರಣಿ ಎಲ್ಲಿ ಓಡಿಹೊಕ್ಕೇತಿ? ಅಕ್ಕನ ಮನಿ ಹೀಂಗಿದ್ದಾಗ ನಾ ಗಿರಣಿ ಹಾಕಿದ್ರ ಅದರ ಹಿಟ್ಟು ನನಗ ಗಂಟಲಾಗ ಇಳದೀತೇನು?”

“ಬ್ಯಾಡಪಾ, ಬ್ಯಾಡ, ನಾವು ಹೆಂಗೋ...” ಎಂದು ಅಪ್ಪ ತೊದಲಿದ.

“ನೀವು ಮರ್ಯಾದಿಗೆ ಅಂಜಿ ಹೇಳೂದಿಲ್ಲ ಅಂತ ಗೊತ್ತೈತಿ. ಎಲ್ಲಾ ಅಳಿಯ ಹೇಳ್ಯಾನ.”

ನಾನು ಗೋಡೆ ನೋಡಿದೆ. ಸಾಲ ಇಲ್ಲ ಎಂದು ಈಗ ಹೇಳುವುದೆಂದರೆ, ವರ್ಷಗಟ್ಟಲೆ ಚಹಾ ಕುಡಿಸಿ ಸುಳ್ಳು ಹೇಳಿ ಕಳಿಸಿದ್ದೆವು ಎಂದು ಅವ್ವನ ತಮ್ಮನ ಮುಖಕ್ಕೇ ಹೇಳಿದಂತೆ. ಅಪ್ಪನ ಕೈ ಮುಂದೆ ಹೋಯಿತು, ಹಿಂದೆ ಬಂತು, ಮತ್ತೆ ಮುಂದೆ ಹೋಯಿತು. ಅಂದು ನಮ್ಮ ಮನೆಗೆ ನಿಜವಾಗಿ ಸಾಲವಾಯಿತು.

ಮರುದಿನವೇ ವಾಪಸು ಕೊಡೋಣ ಎಂದರೆ ಅದೂ ಸಾಧ್ಯವಿಲ್ಲ. ನಿನ್ನೆ ಬಡವರಾಗಿದ್ದವರಿಗೆ ಇಂದು ಎಲ್ಲಿಂದ ಬಂತು ಎಂದು ಮಾವ ಕೇಳುತ್ತಾನೆ. ಸಾಲವಿಲ್ಲದ ಮನುಷ್ಯನೂ ಸಾಲಗಾರನಷ್ಟೇ ನಿಧಾನವಾಗಿ ತೀರಿಸಬೇಕಾದ ಪ್ರಸಂಗ ಅದು. ಮಾವನ ಹಣ ಪೋಸ್ಟಿಗೆ ಹೋಯಿತು, ಪೋಸ್ಟಿನ ಹಣ ನನ್ನ ಜೊತೆ ಧಾರವಾಡಕ್ಕೆ ಹೋಯಿತು, ಅಪ್ಪನ ಶನಿವಾರ ಮಾಸೂರಿಗೆ ಹೋಯಿತು. ಈಗ ಅವನು ಹಿರೇಕೆರೂರಿಗೆ ಹೋಗಿ ಬಸ್ಸು ಬದಲಿಸಬೇಕಿತ್ತು. ಖಾರವಿಲ್ಲ, ಮರದ ನೆರಳೂ ಇಲ್ಲ. ನಾಚಿಕೆಗೆ ಅಪ್ಪ ಪ್ರತಿ ತಿಂಗಳೂ ಮಾತಿಗಿಂತ ಹೆಚ್ಚು ಕೊಡುತ್ತಿದ್ದ. ಮಾವ ಎಣಿಸದೆ ಬದಿಗಿಟ್ಟು, “ಯಾಕ್ರಿ ಭಾವಾರ ಇಷ್ಟು ಅವಸರ? ಇರ್ಲಿ ಬಿಡ್ರಿ” ಎನ್ನುತ್ತಿದ್ದನಂತೆ.

ಹೋದ ತಿಂಗಳು ಆ ಸಾಲ ತೀರಿತು. ಅದೂ ಅವಧಿಗೆ ಮೊದಲೇ. ನಾನು ಕರಿ ಕೋಟು ಹೊಲಿಸಿಕೊಂಡು ಊರಿಗೆ ಬಂದಿದ್ದೆ. ಮಾವ ಪೇಢೆಯ ಡಬ್ಬಿ ಹಿಡಿದು ಬಂದ. “ಸಾಲ ತೀರಿಸಿದವರು ಪೇಢೆ ಕೊಡಬೇಕು ಅನ್ನೂದು ಪದ್ಧತಿ. ನೀವು ಕೊಡೂದಿಲ್ಲ ಅಂತ ಗೊತ್ತಾಗಿ ನಾನ ತಂದೆ” ಎಂದು ಅವ್ವನ ಕೈಗೆ ಎರಡು, ಅಪ್ಪನ ಕೈಗೆ ಒಂದು ಕೊಟ್ಟ. ನನ್ನ ಹತ್ತಿರ ಬಂದು, “ವಕೀಲಸಾಹೇಬರ, ಬಾಯಿ ತಗೀರಿ” ಎಂದು ತನ್ನ ಕೈಯಾರೆ ಒಂದು ದೊಡ್ಡ ಪೇಢೆಯನ್ನು ಇಡಿಯಾಗಿ ನನ್ನ ಬಾಯಿಗೆ ಹಾಕಿದ. ಆಮೇಲೆ ಚಾಪೆಯ ಮೇಲೆ ಕುಳಿತು, ಚಹಾದ ಬಟ್ಟಲು ಹಿಡಿದು, “ಭಾವಾರ, ಸೊಸೈಟಿದೂ ತೀರಿತು, ನಂದೂ ತೀರಿತು. ಈಗ ನಿಮಗ ಯಾರ ಕಾಟಾನೂ ಇಲ್ಲ. ಆ ಗಿರಣಿ ವಿಚಾರ...” ಎಂದ.

ಅಪ್ಪ ನನ್ನನ್ನು ನೋಡಿದ. ಏಳು, ವಾದ ಮಂಡಿಸು ಎನ್ನುವ ನೋಟ. ಎದ್ದೆ. ಆದರೆ ಪೇಢೆ ಅಂಗುಳಕ್ಕೆ ಅಂಟಿಕೊಂಡಿತ್ತು. ಬಾಯಿ ಮುಚ್ಚಿಸುವವರು ಬಾಯಲ್ಲಿ ಏನಾದರೂ ಹಾಕಬೇಕು ಎಂದು ಸವಣೂರಿನ ಸೆಕ್ರೆಟರಿ ಹೇಳಿದ್ದು ಸುಳ್ಳಲ್ಲ. ಅದು ಕರಗುವಷ್ಟರಲ್ಲಿ ಅಪ್ಪ ಗಿರಣಿಗೆ ಜಾಮೀನಾಗಿ, ಅರ್ಧ ಹಣ ಕೊಡಲೂ ಒಪ್ಪಿಯಾಗಿತ್ತು. ನಾನು ಪೇಢೆ ನುಂಗಿ ಕುಳಿತೆ. ಅಷ್ಟು ದೊಡ್ಡ ಪೇಢೆಯನ್ನು ಮಾವ ಬೇಕೆಂದೇ ಆರಿಸಿದನೇ ಎಂಬ ಅನುಮಾನ ಈಗಲೂ ಇದೆ.

ಇದನ್ನು ಓದಿ, ಶಿಗ್ಗಾವಿಯ ಕಂಪೌಂಡರರ ಹತ್ತಿರ ಹಣ ಓಡಾಡುತ್ತಿದೆ ಎಂದು ಯಾರಾದರೂ ಚೀಲ ಹಿಡಿದು ಹೊರಟಿದ್ದರೆ ದಯವಿಟ್ಟು ನಿಲ್ಲಿ. ಗಿರಣಿಯ ದೆಸೆಯಿಂದ ನಮಗೆ ಈಗ ಸಾಲ ಇದೆ. ಈ ಸಲ ಖರೇನೆ ಇದೆ. ನಂಬಿಕೆ ಬಾರದಿದ್ದರೆ ಮನೆಗೆ ಬನ್ನಿ, ನಿಂತುಕೊಂಡು ಒಂದು ತಾಸು ಮಾತಾಡಿ ನಂಬಿಸುತ್ತೇನೆ. ಆದರೆ ಹೋಗುವಾಗ ಕಣ್ಣು ಒರೆಸಿಕೊಳ್ಳಬೇಡಿ, ಮುಂದಿನ ವಾರ ಹಣ ತರಬೇಡಿ.