ಒಂದನೇ ನಂಬ್ರ ಯಾರಿಗೆ?

ಕಂಪ್ಯೂಟರು ರಿಪೇರಿಗೆ ಹೋದವನಿಗೆ ಯಂತ್ರದಿಂದ ಕಾಟ ಕಡಿಮೆ, ಅದರ ಸುತ್ತ ನಿಂತವರಿಂದಲೇ ಹೆಚ್ಚು. ಎಂಬತ್ತರ ದಶಕದ ಕೊನೆಗೆ ಮೂಡುಬಿದಿರೆ, ಬೆಳ್ತಂಗಡಿ, ಬಂಟ್ವಾಳ ಮೂರೂ ಕಡೆ ಸೇರಿ ಇದ್ದ ಕಂಪ್ಯೂಟರುಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಅವುಗಳಲ್ಲಿ ಹೆಚ್ಚಿನವುಗಳ ಹೊಟ್ಟೆ ಬಿಚ್ಚಿ ನೋಡಿದವನು ನಾನೇ. ಹೀಗೆಲ್ಲ ಹೇಳಿಕೊಳ್ಳಬಾರದು ಅನ್ನುತ್ತಾರೆ, ಆದರೂ ಹೇಳುತ್ತೇನೆ.

ಅದಕ್ಕೆ ಮುಂಚೆ ನಾನು ಮೂಡುಬಿದಿರೆಯ ಒಂದು ಅಂಗಡಿಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದೆ. ಅಂಗಡಿಯ ಧಣಿಗಳು ನನ್ನನ್ನು ಹದಿನೈದು ದಿನ ಬೆಂಗಳೂರಿಗೆ ಕಳಿಸಿ ಕಂಪ್ಯೂಟರು ಕಲಿಸಿದರು. ಬಂದ ಮೇಲೆ ಒಂದು ಶರತ್ತು ಹಾಕಿದರು.

"ಒಂದು ವರ್ಷ ನೋಡುವ. ಬಂಟ್ವಾಳದ ಗೇರುಬೀಜದ ಕಾರ್ಖಾನೆಯವರು ಅವರ ಕಂಪ್ಯೂಟರನ್ನು ನಮ್ಮ ಕೈಗೆ ಕೊಟ್ಟರೆ ನೀನು ಕಂಪ್ಯೂಟರಿನವ. ಇಲ್ಲದಿದ್ದರೆ ಮತ್ತೆ ರೇಡಿಯೋ."

ಆ ಕಾರ್ಖಾನೆಯವರು ಸ್ಕ್ರೂ ಸಡಿಲವಾದರೂ ಬೆಂಗಳೂರಿನಿಂದಲೇ ಇಂಜಿನಿಯರನ್ನು ಕರೆಸುವವರು. ನನಗೋ, ಕಂಪ್ಯೂಟರಿನ ರುಚಿ ಹತ್ತಿದ ಮೇಲೆ ರೇಡಿಯೋದ ಮುಂದೆ ಕೂರುವ ಮನಸ್ಸು ಸುತರಾಂ ಇರಲಿಲ್ಲ.

೧. ಕರೆಯುವ ಕ್ರಮ

ಕಂಪ್ಯೂಟರಿನ ಬೆನ್ನಿನಲ್ಲಿ ವಯರು ಸಿಕ್ಕಿಸುವ ಕಿಂಡಿಗಳಿರುತ್ತವೆ. ಅವುಗಳಲ್ಲಿ ಕೆಲವಕ್ಕೆ ಸೀರಿಯಲ್ ಪೋರ್ಟ್ ಎಂದು ಹೆಸರು. "ಇವುಗಳಿಗೆ ಒಂದು, ಎರಡು ಅಂತ ನಂಬ್ರ ಕೊಡುವುದು ಯಾರು?" ಎಂದು ಧಣಿಗಳು ಕೇಳಿದರು.

"ಯಂತ್ರವೇ ಕೊಡ್ತದೆ ಧಣಿ. ಸ್ವಿಚ್ಚು ಹಾಕಿದ ಕೂಡಲೇ ಗೊತ್ತಾದ ವಿಳಾಸಗಳಿಗೆ ಕ್ರಮದಲ್ಲಿ ಕರೆ ಹೋಗ್ತದೆ. ಓಗೊಟ್ಟವರಿಗೆ ಒಂದು, ಎರಡು ಅಂತ ಹೆಸರು. ಭೂತದ ನೇಮದಲ್ಲಿ ದೈವ ಊರಿನ ದೊಡ್ಡ ಮನೆತನದ ಗುತ್ತಿನವರನ್ನು ಒಬ್ಬೊಬ್ಬರಾಗಿ ಕ್ರಮದಲ್ಲಿ ಕರೆಯುವುದಿಲ್ಲವಾ, ಹಾಗೆ."

ಧಣಿಗಳದ್ದೂ ಗುತ್ತಿನ ಮನೆಯೇ. ಅವರಿಗೆ ತಟ್ಟನೆ ಅರ್ಥವಾಯಿತು. "ಮೊದಲ ಮನೆಯವರು ಬಾರದಿದ್ದರೆ?"

"ಎರಡನೆಯವರಿಗೆ ಒಂದನೇ ನಂಬ್ರ."

"ಕಾಯುವುದಿಲ್ಲವಾ? ಹೇಳಿ ಕಳಿಸುವುದಿಲ್ಲವಾ?"

"ಇಲ್ಲ."

ಧಣಿಗಳು ಆ ಪೆಟ್ಟಿಗೆಯಿಂದ ಒಂದು ಹೆಜ್ಜೆ ಹಿಂದೆ ಸರಿದರು. "ಇದನ್ನು ನಮ್ಮ ಊರಲ್ಲಿ ಮಾರುವಾಗ ಜಾಗ್ರತೆ ಮಾರಾಯ. ಹೊಡೆದಾಟ ಆದೀತು."

೨. ಭಾವ ಮತ್ತು ಭಾವ

ಹೊಡೆದಾಟ ಆಗಲಿಲ್ಲ, ಅದಕ್ಕಿಂತ ಕಷ್ಟದ್ದಾಯಿತು. ಬೆಳ್ತಂಗಡಿಯಲ್ಲಿ ಇಬ್ಬರು ಭಾವಂದಿರು ಸೇರಿ ಮರದ ವ್ಯಾಪಾರ ನಡೆಸುತ್ತಿದ್ದರು. ಕಂಪ್ಯೂಟರು ಒಂದೇ, ಆದರೆ ಇಬ್ಬರ ಕೋಣೆಗೂ ಒಂದೊಂದು ಪ್ರಿಂಟರು ಬೇಕು. ಎರಡು ಪ್ರಿಂಟರಿಗೆ ಒಂದೊಂದು ಪೋರ್ಟ್ ಇರುವ ಎರಡು ಕಾರ್ಡು ಪೆಟ್ಟಿಗೆಯೊಳಗೆ ಹಾಕಬೇಕಿತ್ತು. ಒಂದನೆಯದು ಯಾರಿಗೆ ಎಂದು ಕೇಳಿದೆ.

"ಭಾವನಿಗೆ ಕೊಡಿ," ಎಂದರು ದೊಡ್ಡವರು.

"ಛೆ, ಭಾವ ಇರುವಾಗ ನನಗೆಂಥದು, ಅವರಿಗೇ ಕೊಡಿ," ಎಂದರು ಚಿಕ್ಕವರು.

ಬಾಯಿ ಹೀಗೆ ಹೇಳುತ್ತಿತ್ತು, ಮುಖ ಬೇರೆಯೇ ಹೇಳುತ್ತಿತ್ತು. ಯಾರಿಗೆ ಕೊಟ್ಟರೂ ಇನ್ನೊಬ್ಬರು ನನ್ನನ್ನು ಮತ್ತೆ ಒಳಗೆ ಬಿಡುವುದಿಲ್ಲವೆಂದು ಹೆದರಿ, ಕಲಿತದ್ದನ್ನೆಲ್ಲ ಮರೆತು, ಎರಡೂ ಕಾರ್ಡುಗಳಿಗೆ ಒಂದನೇ ವಿಳಾಸವನ್ನೇ ಇಟ್ಟುಬಿಟ್ಟೆ. ಸ್ವಿಚ್ಚು ಹಾಕಿದರೆ ಎರಡು ಪ್ರಿಂಟರೂ ಮಿಸುಕಲಿಲ್ಲ.

ತಪ್ಪೊಪ್ಪಿಕೊಂಡೆ. "ಒಂದೇ ವಿಳಾಸದಿಂದ ಇಬ್ಬರೂ ಒಟ್ಟಿಗೆ ಮಾತಾಡಿದರೆ ಯಂತ್ರಕ್ಕೆ ಯಾರ ಮಾತೂ ತಿಳಿಯುವುದಿಲ್ಲ. ಒಬ್ಬರು ಎರಡನೆಯವರಾಗಲೇಬೇಕು."

ಚಹಾ ಬಂತು, ಕುಡಿದಾಯಿತು. ಕೊನೆಗೆ ದೊಡ್ಡ ಭಾವ ಉದಾರವಾಗಿ ತೀರ್ಪು ಕೊಟ್ಟರು. "ಹಾಗಾದರೆ ಯಾರಿಗೂ ಬೇಸರ ಬೇಡ. ಇಬ್ಬರಿಗೂ ಎರಡನೇ ನಂಬ್ರವನ್ನೇ ಕೊಡಿ."

೩. ಆಯುಧಪೂಜೆ

ಇದು ಚಿಕ್ಕದು. ಮೂಡುಬಿದಿರೆಯ ಒಂದು ಪ್ರೆಸ್ಸಿನಿಂದ ಹೇಳಿ ಕಳಿಸಿದರು, ಕಂಪ್ಯೂಟರಿನಿಂದ ಏನೂ ಅಚ್ಚಾಗುತ್ತಿಲ್ಲ ಎಂದು. ಹೋಗಿ ನೋಡಿದೆ. ಪೋರ್ಟು ಇದೆ ಎಂದು ಯಂತ್ರ ಹೇಳುತ್ತಿದೆ. ಕಾರ್ಡು ಓಗೊಟ್ಟರೆ ಸಾಕು ಅದಕ್ಕೆ, ಹೊರಗೆ ವಯರು ಉಂಟೋ ಇಲ್ಲವೋ ಎಂದು ಅದು ವಿಚಾರಿಸುವುದಿಲ್ಲ. ನಾನೂ ವಿಚಾರಿಸಲಿಲ್ಲ. ಒಂದು ಗಂಟೆ ಪೆಟ್ಟಿಗೆಯೊಳಗೆ ತಲೆ ಹಾಕಿ ಕೂತ ಮೇಲೆ, ಹಿಂದೆ ವಯರೇ ಇಲ್ಲ ಎಂದು ಕಂಡಿತು.

"ವಯರು ಎಲ್ಲಿ ಅಮ್ಮ?" ಎಂದು ಪ್ರೆಸ್ಸಿನವರ ತಾಯಿಯನ್ನು ಕೇಳಿದೆ.

ಅವರು ಅಂಗಳ ತೋರಿಸಿದರು. ಒಣಹಾಕಿದ ಸೀರೆ, ಮೈ ಒರೆಸುವ ಬೈರಾಸುಗಳ ನಡುವೆ ವಯರು ನೇತಾಡುತ್ತಿತ್ತು. "ನಾಳೆ ಪೂಜೆಯಲ್ಲವಾ, ಸೀಗೆ ಹಾಕಿ ತೊಳೆದಿದ್ದೇನೆ. ಪೆಟ್ಟಿಗೆಯನ್ನೂ ತೊಳೆಯುವ ಅಂತಿದ್ದೆ, ಒಬ್ಬಳಿಗೆ ಎತ್ತಲಿಕ್ಕೆ ಆಗಲಿಲ್ಲ. ನೀವು ಬಂದದ್ದು ಒಳ್ಳೆಯದಾಯಿತು, ಒಂದು ಕೈ ಹಿಡಿಯಿರಿ."

೪. ಇಂಜಿನಿಯರರ ಚೀಲ

ವರ್ಷ ಮುಗಿಯಲು ಒಂದು ವಾರ ಇತ್ತು. ಬಂಟ್ವಾಳದ ಕಾರ್ಖಾನೆಯಿಂದ ಕರೆ ಬಂದೇ ಇರಲಿಲ್ಲ. ಧಣಿಗಳು ಹಳೆಯ ರೇಡಿಯೋ ಒಂದನ್ನು ನನ್ನ ಮೇಜಿನ ಮೇಲೆ ತಂದಿಟ್ಟಿದ್ದರು. ನಾನು ಅದರ ಮೇಲೆ ಪೇಪರು ಮುಚ್ಚಿ ಕೂತಿದ್ದೆ. ಅಷ್ಟರಲ್ಲಿ ಕಾರ್ಖಾನೆಯ ಜೀಪೇ ಬಂತು.

ಆ ಕಾರ್ಖಾನೆಯಲ್ಲಿ ಗೇರುಬೀಜದ ಡಬ್ಬ ತೂಗುವ ವಿದ್ಯುತ್ ತಕ್ಕಡಿಯೊಂದಿತ್ತು. ತೂಕ ವಯರಿನಲ್ಲಿ ಕಂಪ್ಯೂಟರಿಗೆ ಹೋಗಿ ಚೀಟಿ ಅಚ್ಚಾಗುತ್ತಿತ್ತು. ತಕ್ಕಡಿ ಬರುವ ಮುಂಚೆ ಡಬ್ಬಗಳನ್ನು ತೂಗುತ್ತಿದ್ದವರು ಒಬ್ಬ ಹಿರಿಯ ಹೆಂಗಸು. ಎಲ್ಲರೂ ಅವರನ್ನು ತೂಕದಕ್ಕ ಎನ್ನುತ್ತಿದ್ದರು. ಕೈಯಲ್ಲಿ ಎತ್ತಿಯೇ ತೂಕ ಹೇಳುವವರು. ಈಗ ಅವರಿಗೆ ಡಬ್ಬ ಎತ್ತಿ ತಕ್ಕಡಿಗೆ ಇಡುವ ಕೆಲಸ ಮಾತ್ರ.

ಸಿಡಿಲು ಬಡಿದು ಒಂದನೇ ಪೋರ್ಟಿನ ಕಾರ್ಡು ಸುಟ್ಟಿತ್ತು. ಬೆಂಗಳೂರಿನ ಇಂಜಿನಿಯರು ಬೆಳಿಗ್ಗೆಯೇ ಬಂದು ಅದನ್ನು ಕಿತ್ತು ಚೀಲಕ್ಕೆ ಹಾಕಿಕೊಂಡು, ತಕ್ಕಡಿಯ ವಯರನ್ನು ಖಾಲಿ ಇದ್ದ ಎರಡನೆಯದಕ್ಕೆ ಸಿಕ್ಕಿಸಿದ್ದರು. ಎರಡರಿಂದ ಓದು ಎಂದು ಪ್ರೋಗ್ರಾಮಿಗೂ ಹೇಳಿದ್ದರು. ತೂಕ ಬರಲಿಲ್ಲ. ಇಡೀ ಯಂತ್ರ ಬೆಂಗಳೂರಿಗೆ ಹೋಗಬೇಕು, ಒಂದು ತಿಂಗಳಾಗುತ್ತದೆ ಎಂದಿದ್ದರು. ಮೆನೇಜರಿಗೆ ಜೀವ ಬಾಯಿಗೆ ಬಂದಿತ್ತು.

ನಾನು ಯಂತ್ರದ ಹಿಂದೆ ಮುಂದೆ ನೋಡಿ, ಅಲ್ಲೇ ನಿಂತಿದ್ದ ಇಂಜಿನಿಯರರಿಗೆ ಹೇಳಿದೆ, "ಸರ್, ಇದು ಈಗ ಒಂದನೆಯದು."

"ಅದರ ಮೇಲೆ ಎರಡು ಅಂತ ಬರೆದಿದೆಯಲ್ರೀ?"

"ಬರೆದದ್ದು ನಿಮ್ಮ ಕಂಪನಿ. ಯಂತ್ರ ಅದನ್ನು ಓದುವುದಿಲ್ಲ. ಮೊದಲನೆಯದು ಓಗೊಡಲಿಲ್ಲ, ಇದು ಓಗೊಟ್ಟಿತು. ಒಂದನೇ ನಂಬ್ರ ಇದಕ್ಕೆ ಸಿಕ್ಕಿತು."

ಪ್ರೋಗ್ರಾಮಿನಲ್ಲಿ ಎರಡು ಅಳಿಸಿ ಒಂದು ಎಂದು ಬರೆದೆ. ನಾನು ಮಾಡಿದ್ದು ಅಷ್ಟೇ.

"ಏನಾದರೂ ಇಟ್ಟು ನೋಡುವ," ಎಂದರು ಮೆನೇಜರು. ತೂಕದಕ್ಕ ಹತ್ತಿರ ಇದ್ದ ಇಂಜಿನಿಯರರ ಚೀಲವನ್ನೇ ಎತ್ತಿ, "ನಾಲ್ಕೂವರೆ ಕಿಲೋ," ಎನ್ನುತ್ತಾ ತಕ್ಕಡಿಗೆ ಇಟ್ಟರು. ಪ್ರಿಂಟರು ಕಿರುಗುಟ್ಟಿ ಚೀಟಿ ಹೊರಗೆ ಬಂತು. ನಾಲ್ಕೂವರೆ.

ಮೆನೇಜರು ನನ್ನ ಬೆನ್ನು ತಟ್ಟಿದರು. ಆ ಚೀಟಿ ಇವತ್ತಿಗೂ ನನ್ನ ಹತ್ತಿರ ಉಂಟು. ಆದರೆ ತೂಕದಕ್ಕ ಚೀಲವನ್ನು ಕೆಳಗಿಳಿಸಲಿಲ್ಲ.

"ಬೆಳಿಗ್ಗೆ ಗೇಟಿನಿಂದ ಇದನ್ನು ಎತ್ತಿ ತಂದದ್ದು ನಾನೇ. ಆಗ ಮೂರೂವರೆ ಇತ್ತು."

"ಸುಟ್ಟ ಕಾರ್ಡು ಹಾಕಿದ್ದಾರಲ್ಲ," ಎಂದರು ಮೆನೇಜರು.

"ಅದನ್ನೂ ಎತ್ತಿ ನೋಡಿದ್ದೇನೆ. ಕಾಲು ಕಿಲೋ ಸಹ ಇಲ್ಲ."

ಇಂಜಿನಿಯರು ತಾವಾಗಿಯೇ ಚೀಲ ಬಿಚ್ಚಿ, ಪೇಪರಿನಲ್ಲಿ ಸುತ್ತಿದ ಪೊಟ್ಟಣವೊಂದನ್ನು ಮೇಜಿನ ಮೇಲೆ ಇಟ್ಟರು. ಒಳಗೆ ಒಂದೂ ಒಡೆಯದ ದೊಡ್ಡ ಬಿಳಿ ಗೇರುಬೀಜ. "ಸ್ಯಾಂಪಲ್ಲು," ಎಂದರು.

"ಸಂಜೆ ಗೇಟಿನಲ್ಲಿ ನಮ್ಮ ಸೆರಗು ಕೊಡವಿ ನೋಡ್ತಾರೆ," ಎಂದರು ತೂಕದಕ್ಕ. "ನಮಗೆ ಗೊತ್ತಿರಲಿಲ್ಲ, ಹೀಗೊಂದು ಹೆಸರು ಉಂಟು ಅಂತ."

ಇಂಜಿನಿಯರು ಚಹಾಕ್ಕೂ ನಿಲ್ಲದೆ ಬಸ್ಸಿಗೆ ಹೋದರು. "ಇನ್ನು ಮೇಲೆ ರಿಪೇರಿ ನಿಮ್ಮ ಅಂಗಡಿಯದ್ದೇ. ಧಣಿಗಳಿಗೆ ಹೇಳಿ," ಎಂದರು ಮೆನೇಜರು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇಡೀ ತಾಲೂಕನ್ನೇ ಗೆದ್ದವನಂತೆ ನನ್ನ ಚೀಲವನ್ನು ಹೆಗಲಿಗೇರಿಸಿ ಬಾಗಿಲ ಕಡೆ ತಿರುಗಿದೆ.

ತೂಕದಕ್ಕ ಕೈ ಅಡ್ಡ ಹಿಡಿದರು.

"ಒಳ್ಳೆಯ ಕೆಲಸ ಮಾಡಿದಿರಿ ಮಗ. ನಿಮ್ಮ ಚೀಲವನ್ನೂ ಒಮ್ಮೆ ಇಲ್ಲಿ ಇಡಿ, ನೋಡುವ."